ಅವಾ ಚೊಚ್ಚಲ, ನೀ ಅಪರೂಪ

ಹೋದ ವರ್ಷ ಶ್ರಾವಣ ಹತ್ತಿರ ಬಂದಾಗ ಒಂದು ರಾತ್ರಿ ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿದ. ಅವನು ಅಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅವನಪ್ಪನಿಗೂ ನನಗೂ ಮಾತು ನಿಂತು ಏಳು ವರ್ಷವಾಗಿತ್ತು. ಹಾಗಾಗಿ ಹೆಸರು ನೋಡಿದ ಕೂಡಲೇ ಎದೆ ಝಲ್ಲೆಂದಿತು, ಯಾರಿಗೆ ಏನಾಯಿತೋ ಅಂತ.

"ಅತ್ತಿ, ಅಪ್ಪಂದು ಒಂದು ಡಬ್ಬಿ ಇತ್ತಂತ. ಕ್ರಿಕೆಟ್ ಕಾರ್ಡಿಂದು. ನಿಮಗೇನರ ಗೊತ್ತದೇನು?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಗೊತ್ತಿತ್ತು. ಆ ಡಬ್ಬಿ ಸುರಪುರದ ನನ್ನ ಮನೆಯಲ್ಲಿ, ಟ್ರಂಕಿನೊಳಗೆ, ನನ್ನ ಮದುವೆ ಸೀರೆಯ ಕೆಳಗಿತ್ತು. ಹಳೇ ಬೋರ್ನ್‌ವಿಟಾ ಡಬ್ಬಿ. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು.

ಅದು ನನ್ನ ಹತ್ತಿರ ಹೇಗೆ ಬಂತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. 2017ರಲ್ಲಿ ಶಹಾಪುರದ ನಮ್ಮ ಹಳೇ ಮನೆ ಕೆಡವುವ ಮುಂಚೆ ನಾನು ಒಂದು ದಿನ ಹೋಗಿದ್ದೆ. ಅಟ್ಟದ ಮೇಲಿನಿಂದ ಎರಡೇ ಸಾಮಾನು ತಂದೆ. ಅವ್ವನ ಕುಂಕುಮದ ಭರಣಿ, ಮತ್ತು ಈ ಡಬ್ಬಿ. ಭರಣಿ ಕೇಳಿ ತಂದೆ. ಡಬ್ಬಿ ಕೇಳದೇ ತಂದೆ. ಅದು ಅಣ್ಣನದು ಅಂತ ಗೊತ್ತಿದ್ದೇ ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಅದೇ ತಿಂಗಳು ನಾನು ಮನೆಯ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಮಾಡಿದ್ದೆ. ಸಹಿ ಮಾಡುವಾಗ "ಎರಡು ದಿನ ಯೋಚನೆ ಮಾಡ್ತೀನಿ ಅಣ್ಣಾ" ಅಂದದ್ದಕ್ಕೆ ಅವನಿಗೆ ಸಿಟ್ಟು. ಎರಡು ದಿನ ಕೂಡ ಕೊಡಲಿಲ್ಲವಲ್ಲ ಅಂತ ನನಗೆ ಸಿಟ್ಟು. ಮನೆ ಪೂರ್ತಿ ಅವನಿಗೆ ಹೋಯಿತು, ಡಬ್ಬಿ ನನಗೆ ಬಂತು. ಆಗ ಅದು ನನಗೆ ಸರಿಯಾದ ಲೆಕ್ಕ ಅನ್ನಿಸಿತ್ತು.

ಇಷ್ಟು ಹೇಳಿದ ಮೇಲೆ ಡಬ್ಬಿಯೊಳಗೆ ಏನಿತ್ತು ಅನ್ನುವುದಕ್ಕೆ ಬರುತ್ತೇನೆ.

ನಮ್ಮ ವಯಸ್ಸಿನವರಿಗೆ 'ಬಿಗ್ ಫನ್' ಬಬ್ಬಲ್ ಗಮ್ ನೆನಪಿರಬೇಕು. ಅದರ ಜೊತೆ ಕ್ರಿಕೆಟ್ ಆಟಗಾರನ ಫೋಟೊ ಇರುವ ಸಣ್ಣ ಕಾರ್ಡು ಬರುತ್ತಿತ್ತು. ಹಿಂದೆ ಇಷ್ಟು ರನ್, ಇಷ್ಟು ವಿಕೆಟ್ ಅಂತ ಇರುತ್ತಿತ್ತು. ಅವನ್ನು ಕೂಡಿಸುವುದೇ ಹುಡುಗರ ಕೆಲಸ. ನಮ್ಮ ಮನೆಯಲ್ಲಿ ಒಂದು ಒಪ್ಪಂದವಿತ್ತು. ಗಮ್ ನನಗೆ, ಕಾರ್ಡು ಅಣ್ಣನಿಗೆ. ಆಗ ನನಗೆ ಏಳು ವರ್ಷ, ಅವನಿಗೆ ಹನ್ನೊಂದು. ನನ್ನ ಪಾಲು ಹತ್ತು ನಿಮಿಷದಲ್ಲಿ ಸಪ್ಪಗಾಗುತ್ತಿತ್ತು. ಅವನ ಪಾಲು ಬೆಳೆಯುತ್ತಾ ಹೋಯಿತು.

ನಮ್ಮ ಓಣಿಯ ಮೂಲೆಯಲ್ಲಿ ಒಂದೇ ಅಂಗಡಿ. ಅವರು ಯಾದಗಿರಿಯಿಂದ ಪೆಟ್ಟಿಗೆ ತರಿಸುತ್ತಿದ್ದರು. ಒಂದು ಪೆಟ್ಟಿಗೆ ಮುಗಿದರೆ ಇನ್ನೊಂದು ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಬಂದ ಪೆಟ್ಟಿಗೆಯಲ್ಲಿ ಮತ್ತೆ ಅವೇ ಮುಖ. ಅಜರುದ್ದೀನ್ ಬಂದ, ಕಪಿಲ್ ಬಂದ, ತೆಂಡೂಲ್ಕರ್ ಅಂತೂ ಓಣಿಯ ಪ್ರತಿ ಹುಡುಗನ ಹತ್ತಿರ ಮೂರು ನಾಲ್ಕು ಇದ್ದ. ಆದರೆ ಕಿರಣ್ ಮೋರೆ ಒಬ್ಬ ಬರಲೇ ಇಲ್ಲ. ವಿಕೆಟ್ ಕೀಪರ್ ಇಲ್ಲದೆ ತಂಡ ಹೇಗೆ ಕಟ್ಟುವುದು? 1992ರ ವಿಶ್ವಕಪ್‌ನಲ್ಲಿ ಸಿಡ್ನಿಯಲ್ಲಿ ಮಿಯಾಂದಾದ್ ಅವನೆದುರು ಕಪ್ಪೆಯಂತೆ ಜಿಗಿದು ಅಣಕಿಸಿದ್ದನ್ನು ಎಲ್ಲರೂ ನೋಡಿದ್ದರು, ಅದರಿಂದ ಅವನ ಬೇಡಿಕೆ ಇನ್ನೂ ಏರಿತ್ತು. "ಮೋರೆ ಮೋರೆನೇ ತೋರಸವಲ್ಲ" ಅಂತ ಅಪ್ಪ ನಗುತ್ತಿದ್ದರು.

ಕೊನೆಗೆ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಒಬ್ಬ ಹುಡುಗನ ಹತ್ತಿರ ಮೋರೆ ಇದ್ದಾನೆ ಅಂತ ಸುದ್ದಿ ಬಂತು. ಕೃಷ್ಣಾ ಮೇಲ್ದಂಡೆ ಕಾಲುವೆ ಕೆಲಸದ ಕ್ಯಾಂಪು ಅದು. ಬೇರೆ ಬೇರೆ ಊರಿನಿಂದ ವರ್ಗವಾಗಿ ಬಂದ ಮನೆಗಳು, ಹಾಗಾಗಿ ಅಲ್ಲಿನ ಹುಡುಗರ ಹತ್ತಿರ ನಾವು ಕಾಣದ ಸಾಮಾನು ಇರುತ್ತಿದ್ದವು. ಅಣ್ಣ ಅಪ್ಪನ ಅಟ್ಲಾಸ್ ಸೈಕಲ್ಲನ್ನು ಒಳಗಾಲು ಹಾಕಿ ತುಳಿದುಕೊಂಡು ಹೋದ. ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡಿದ್ದ. ಒಂದು ಮೋರೆಗೆ ಹದಿನಾಲ್ಕು ಕಾರ್ಡು ಕೊಟ್ಟು ಬಂದ. ಆ ಹದಿನಾಲ್ಕರಲ್ಲಿ ಅವನ ಹತ್ತಿರವಿದ್ದ ಮೂರೂ ತೆಂಡೂಲ್ಕರ್ ಹೋದ.

"ಮೂರು ಕೊಟ್ಯಾ?" ಅಂತ ನಾನು ಕೇಳಿದೆ.

"ಅವಾ ಎಲ್ಲಾರ ಹತ್ರ ಅದಾನ. ಮೋರೆ ಯಾರ ಹತ್ರ ಅದಾನ, ಹೇಳು?"

ಆವತ್ತು ಓಣಿಯಲ್ಲಿ ಅವನೇ ರಾಜ. ಮೋರೆಯನ್ನು ನೋಡಲು ಹುಡುಗರು ಕೈ ತೊಳೆದುಕೊಂಡು ಬರಬೇಕು ಅಂತ ಕಾನೂನು ಮಾಡಿದ್ದ.

ಎರಡನೇ ಕಾರ್ಡಿನ ಕಥೆ ಬೇರೆ. ಅದು 1997ರ ಬೇಸಿಗೆ. ಅಣ್ಣನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಗಮ್ ಕಾರ್ಡಿನ ಕಾಲ ಹೋಗಿ ಟ್ರಂಪ್ ಕಾರ್ಡಿನ ಕಾಲ ಬಂದಿತ್ತು. ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅಪ್ಪನಿಗೆ ಕಾಡಿ ಬೇಡಿ ಒಂದು ಕಟ್ಟು ತಂದಿದ್ದೆವು. ಆಡಿದವರಿಗೆ ಗೊತ್ತು. ಪ್ರತಿ ಕಾರ್ಡಿನಲ್ಲಿ ಒಬ್ಬ ಆಟಗಾರ, ಕೆಳಗೆ ಅವನ ಟೆಸ್ಟ್, ರನ್, ಶತಕ, ವಿಕೆಟ್. ಎಲೆ ಹಂಚಿಕೊಂಡು ಒಬ್ಬ "ರನ್" ಅಂತಾನೆ. ಯಾರ ಕಾರ್ಡಿನಲ್ಲಿ ಹೆಚ್ಚಿದೆಯೋ ಅವನು ಎದುರಿನವನ ಕಾರ್ಡು ಎಳೆದುಕೊಳ್ಳುತ್ತಾನೆ. ಅಲನ್ ಬಾರ್ಡರ್ ಸಿಕ್ಕವನಿಗೆ ಚಿಂತೆಯಿಲ್ಲ, 156 ಟೆಸ್ಟ್, 11,174 ರನ್. ಗಾವಸ್ಕರ್ ಸಿಕ್ಕರೆ 34 ಶತಕ. ಕಪಿಲ್ ಸಿಕ್ಕರೆ 434 ವಿಕೆಟ್, ಮೇಲೆ 131 ಟೆಸ್ಟ್.

ಆ ಕಟ್ಟಿನಲ್ಲಿ ಒಂದು ದರಿದ್ರ ಕಾರ್ಡಿತ್ತು. ತೆಳ್ಳನೆಯ ಹುಡುಗ, ಫೋಟೊದಲ್ಲಿ ಸರಿಯಾಗಿ ನಗುವುದಕ್ಕೂ ಸಂಕೋಚ ಪಟ್ಟವನಂತೆ ನಿಂತಿದ್ದಾನೆ. ಟೆಸ್ಟ್ 2. ರನ್ 187. ಅತ್ಯಧಿಕ 95. ಶತಕ 0. ವಿಕೆಟ್ 0. ಯಾವುದನ್ನು ಕೂಗಿದರೂ ಸೋಲು. ರಾಹುಲ್ ದ್ರಾವಿಡ್.

1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಅವನ ಮೊದಲ ಟೆಸ್ಟು. ಗಂಗೂಲಿಗೂ ಅದೇ ಮೊದಲನೆಯದು. ಗಂಗೂಲಿ 131 ಹೊಡೆದ, ಇವನು 95ಕ್ಕೆ ಔಟಾದ. ಪೇಪರಿನಲ್ಲಿ ಬಂದ ಫೋಟೊವನ್ನು ಅಪ್ಪ ನಮಗೆ ತೋರಿಸಿದ್ದರು, ನಮ್ಮ ಕರ್ನಾಟಕದ ಹುಡುಗ ಅಂತ. ಆದರೆ ಆಟದಲ್ಲಿ ಕರ್ನಾಟಕ ಕಟ್ಟಿಕೊಂಡು ಏನು ಮಾಡುವುದು? ಹೊಸಬನ ಕಾರ್ಡು ಸೋಲುವ ಕಾರ್ಡು. ಅಣ್ಣ ಮತ್ತು ಅವನ ಗೆಳೆಯರು ಎಲೆ ಹಂಚುವ ಮುಂಚೆ ಇಂಥ ಐದಾರು ಕಾರ್ಡು ತೆಗೆದು ಬದಿಗಿಡುತ್ತಿದ್ದರು. ಬದಿಗಿಟ್ಟವು ನನಗೆ. ನಾನು ಪಡಸಾಲೆಯ ಕಂಬದ ಪಕ್ಕ ಕೂತು ಆ ಸೋಲು ಎಲೆಗಳಲ್ಲೇ ಒಬ್ಬಳೇ ಆಡಿಕೊಳ್ಳುತ್ತಿದ್ದೆ. ಒಂದೊಂದು ಸಲ ಆಟಕ್ಕೆ ಜನ ಕಡಿಮೆಯಾದಾಗ ನನ್ನನ್ನೂ ಕರೆಯುತ್ತಿದ್ದರು. ನನ್ನ ಕೈಯಲ್ಲಿ ಅವೇ ಇರುತ್ತಿದ್ದವು.

ಒಂದು ದಿನ ಜಗಳವಾಯಿತು. ಅಣ್ಣ "ಶತಕ" ಅಂದ. ನನ್ನ ಕೈಯಲ್ಲಿ ದ್ರಾವಿಡ್. ಅವನ ಕೈಯಲ್ಲಿ ಯಾರೋ ಬೌಲರ್, ಅವನದೂ ಸೊನ್ನೆ. ನಾನು "ಒಂದು" ಅಂದೆ. ಆ ಜನವರಿಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ದ್ರಾವಿಡ್ 148 ಹೊಡೆದದ್ದು ನನಗೆ ಗೊತ್ತಿತ್ತು.

"ಎಲಿ ಮ್ಯಾಗ ಸೊನ್ನಿ ಅದ."

"ಹೊಡದಾನಲ್ಲ! ಪೇಪರ್ನ್ಯಾಗ ಬಂದಿಲ್ಲೇನು?"

"ಕಾಗದದ ಮ್ಯಾಗ ಏನು ಬರದದ ಅದೇ. ನಿಂದೇನು ಹೊಸಾ ಲೆಕ್ಕ?"

ಅಳುತ್ತಾ ಅವ್ವನ ಹತ್ತಿರ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನಗೂ ಅಣ್ಣನಿಗೂ ನಡುವೆ ಅವಳಿಗೆ ಎರಡು ಬಸುರು ಹೋಗಿದ್ದವು. ಅವ್ವ ಕೈ ನಿಲ್ಲಿಸದೆಯೇ ಅಂದಳು, "ಅವಾ ಚೊಚ್ಚಲ, ನೀ ಅಪರೂಪ. ಚೊಚ್ಚಲದ ಹಟ ಚೊಚ್ಚಲಕ್ಕ, ಅಪರೂಪದ ಹಟ ಅಪರೂಪಕ್ಕ. ನಾ ಯಾರ ಕಡೆ ಮಾತಾಡ್ಲಿ?" ಇದು ಅವಳು ನಮ್ಮ ಪ್ರತಿ ಜಗಳಕ್ಕೂ ಹೇಳುತ್ತಿದ್ದ ಮಾತು. ತೀರ್ಪು ಕೊಡದೆ ರೊಟ್ಟಿ ಕೊಟ್ಟು ಕಳಿಸುವುದು ಅವಳ ಪದ್ಧತಿ.

ಮುಂದೆ ಆ ಟ್ರಂಪ್ ಕಟ್ಟಿನ ಬಹುಪಾಲು ಅದೇ ಅವ್ವನ ಕೈಯಲ್ಲಿ ಹಂಡೆ ಒಲೆಗೆ ಹೋಯಿತು. ಇನ್ನು ಕೆಲವು ಓಣಿಯ ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿಕೊಂಡು ಟರ್ರ್ ಅನ್ನುತ್ತಾ ಹರಿದವು. ಸದ್ದು ಮಾಡಲು ಯಾರೂ ಗಾವಸ್ಕರನ್ನು ಸಿಕ್ಕಿಸುವುದಿಲ್ಲ ನೋಡಿ, ಸೋಲು ಎಲೆಗಳನ್ನೇ ಸಿಕ್ಕಿಸುತ್ತಿದ್ದರು. ದ್ರಾವಿಡ್‌ಗೂ ಒಂದು ಸಲ ಆ ಗತಿ ಬಂದಿತ್ತು. ನಾನು ಬಿಡಿಸಿ ತಂದು, ಹಿಂದೆ ನೀಲಿ ಪೆನ್ನಿನಲ್ಲಿ ನನ್ನ ಹೆಸರು ಬರೆದು, ಕೆಳಗೆ "ಇದು ನನ್ನದು" ಅಂತ ಗೆರೆ ಎಳೆದಿದ್ದೆ.

ಇಷ್ಟೆಲ್ಲ ನೆನಪಾದದ್ದು ಅಣ್ಣನ ಮಗ ಫೋನ್ ಮಾಡಿದ ರಾತ್ರಿ ಟ್ರಂಕು ತೆಗೆದಾಗ. ಡಬ್ಬಿಯೊಳಗಿನ ರಬ್ಬರ್ ಬ್ಯಾಂಡು ಕರಗಿ ಕಾರ್ಡುಗಳಿಗೆ ಅಂಟಿಕೊಂಡಿತ್ತು. ಗಮ್ ಕಾರ್ಡು ನಲವತ್ತರ ಹತ್ತಿರ, ಟ್ರಂಪ್ ಕಾರ್ಡು ಒಂಬತ್ತು. ಫೋಟೊ ತೆಗೆದು ಕಳಿಸಿದೆ. ಕಳಿಸಬಾರದಿತ್ತೇನೋ. ಆದರೆ ಹುಡುಗನ ದನಿ ಕೇಳಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಐದು ನಿಮಿಷಕ್ಕೆ ಮತ್ತೆ ಫೋನ್. "ಅತ್ತಿ, ದ್ರಾವಿಡ್ ಎರಡು ಟೆಸ್ಟ್! ಇದು ರೂಕಿ ಕಾರ್ಡು!"

"ಹಂಗಂದ್ರೇನಪಾ?"

ಆಟಗಾರ ಹೊಸಬನಾಗಿದ್ದಾಗ ಬಂದ ಮೊದಲ ಕಾರ್ಡು ಅಂತ ಹೇಳಿದ. ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡು ಕೂಡಿಡುವವರು ಇದಕ್ಕೆ ಜೀವ ಬಿಡುತ್ತಾರಂತೆ. ಓಹೋ, ಚೊಚ್ಚಲ ಕಾರ್ಡು ಅನ್ನು ಅಂದೆ. ನಮ್ಮ ಪೇಪರಿನವರು ಮೊದಲ ಶತಕಕ್ಕೆ ಚೊಚ್ಚಲ ಶತಕ ಅಂತಲೇ ಬರೆಯುತ್ತಾರೆ. ಹುಡುಗ ನಕ್ಕ. ಆಮೇಲೆ ಅವನು ಅರ್ಧ ಗಂಟೆ ಹೇಳಿದ್ದನ್ನು ನಾನು ಕೇಳಿದೆ, ಮರುದಿನ ನನ್ನಷ್ಟಕ್ಕೆ ನಾನೂ ಹುಡುಕಿ ಓದಿದೆ. ಒಂದು ವಾರ ಅದೇ ಹುಚ್ಚು ಹಿಡಿದಿತ್ತು ಅಂತ ಹೇಳಲು ನಾಚಿಕೆಯಿಲ್ಲ.

ಅಲ್ಲಿ ಅತಿ ದೊಡ್ಡ ಹೆಸರು ಹೋನಸ್ ವ್ಯಾಗ್ನರ್ ಎನ್ನುವವನ ಕಾರ್ಡು. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದ ಜೊತೆ ಬರುತ್ತಿದ್ದ ಸರಣಿ ಅದು. ವ್ಯಾಗ್ನರ್ ತನ್ನ ಚಿತ್ರ ಹಾಕಬೇಡಿ ಅಂದನಂತೆ. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳಬಾರದು ಅಂತ ಅಂದನೆಂದು ಕೆಲವರು, ದುಡ್ಡು ಕೊಡಲಿಲ್ಲ ಅಂತ ಅಂದನೆಂದು ಕೆಲವರು. ಮುದ್ರಣ ನಿಂತಿತು. ಈಗ ಉಳಿದಿರುವುದು ಐವತ್ತು ಅರವತ್ತು ಮಾತ್ರ. 2022ರ ಆಗಸ್ಟ್‌ನಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಆದರೆ ಅದು ಅವನ ಚೊಚ್ಚಲ ಕಾರ್ಡಲ್ಲ. ಅವನು ದೊಡ್ಡ ಲೀಗಿಗೆ ಬಂದದ್ದು 1897ರಲ್ಲಿ, ಕಾರ್ಡು ಬರುವಾಗ ಹನ್ನೆರಡು ವರ್ಷ ಆಡಿದ ಹಿರಿಯ. ಅದರ ಬೆಲೆಯೆಲ್ಲ ಅಪರೂಪದ್ದು.

ಇನ್ನೊಬ್ಬ ಮಿಕಿ ಮ್ಯಾಂಟಲ್. ಅವನ ಚೊಚ್ಚಲ ಕಾರ್ಡು 1951ರದ್ದು, ಬೌಮನ್ ಎಂಬ ಕಂಪನಿಯದು. ಆದರೆ ಜನ ಮುಗಿಬೀಳುವುದು ಮರುವರ್ಷ ಟಾಪ್ಸ್ ಎಂಬ ಕಂಪನಿ ತಂದದ್ದಕ್ಕೆ. ಆ 1952ರ ಕಾರ್ಡು ಒಂದು ಅದೇ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿ. ಯಾಕೆ ಅಂದರೆ, ಆ ವರ್ಷ ಸರಣಿಯ ಕೊನೆಯ ಕಂತು ತಡವಾಗಿ ಬಂತು, ಆಟದ ಋತು ಮುಗಿಯುತ್ತಿತ್ತು, ಅಂಗಡಿಯವರು ಎತ್ತಲಿಲ್ಲ. ಉಳಿದ ಕಾರ್ಡುಗಳು ಗೋದಾಮಿನಲ್ಲಿ ಬಿದ್ದಿದ್ದವು. 1960ರಲ್ಲಿ ಕಂಪನಿಯ ಸೈ ಬರ್ಗರ್ ಎಂಬಾತ ಅವನ್ನು ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿಸಿದ. ಆ ಸರಣಿಯನ್ನು ರೂಪಿಸಿದವನೂ ಅವನೇ! ಇದನ್ನು ಓದಿ ನನಗೆ ನಮ್ಮ ಹಂಡೆ ಒಲೆ ನೆನಪಾಯಿತು. ಅಲ್ಲಿಯ ತಾಯಂದಿರೂ ಮಕ್ಕಳು ದೊಡ್ಡವರಾದ ಮೇಲೆ ಕಾರ್ಡುಗಳನ್ನು ಕಸಕ್ಕೆ ಹಾಕಿದರಂತೆ, ಹಳೆಯವು ಅಪರೂಪವಾಗಲು ಅದೂ ಒಂದು ಕಾರಣವಂತೆ.

ಚೊಚ್ಚಲದ ಕಡೆಗೂ ವಾದವಿದೆ. 1980ರ ದಶಕದ ಕೊನೆಗೆ ಎಲ್ಲರಿಗೂ ಚೊಚ್ಚಲ ಕಾರ್ಡಿನ ಬೆಲೆ ತಿಳಿದುಬಿಟ್ಟಿತು. ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು, ಜನ ಒಂದನ್ನೂ ಎಸೆಯದೆ ಪ್ಲಾಸ್ಟಿಕ್ ಹೊದಿಸಿ ಇಟ್ಟರು. ಈಗ ಆ ಕಾಲದ ಬಹಳಷ್ಟು ಕಾರ್ಡಿಗೆ ಕವಡೆ ಬೆಲೆಯಿಲ್ಲ. 1989ರ ಕೆನ್ ಗ್ರಿಫಿ ಜೂನಿಯರ್ ಕಾರ್ಡಿನಂಥ ಕೆಲವಕ್ಕೆ ಮಾತ್ರ, ಲಕ್ಷಗಟ್ಟಲೆ ಇದ್ದರೂ, ಚೊಚ್ಚಲ ಎನ್ನುವ ಒಂದೇ ಕಾರಣಕ್ಕೆ ಇವತ್ತಿಗೂ ಗಿರಾಕಿ ಇದ್ದಾರೆ. ಅದೂ ಮೂಲೆ ಮುಕ್ಕಾಗದೆ, ಗೀರು ಬೀಳದೆ ಇರಬೇಕು. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಕಂಪನಿಗಳೇ ಇವೆ. ಆ ನೂರು ಕೋಟಿಯ ಮ್ಯಾಂಟಲ್‌ಗೆ ಹತ್ತಕ್ಕೆ ಒಂಬತ್ತೂವರೆ. ನನ್ನ ಮಗಳಿಗೆ ಗಣಿತದಲ್ಲಿ ಅಷ್ಟು ಬಂದರೆ ಪೇಢೆ ಹಂಚುತ್ತೇನೆ.

ಹುಡುಗ ನಮ್ಮ ಕಾರ್ಡುಗಳಿಗೂ ಇದೇ ಪರೀಕ್ಷೆ ಮಾಡಿದ. ಮೊದಲು ಮೋರೆ. ನಾವು ಕೈ ತೊಳೆದು ನೋಡುತ್ತಿದ್ದ ಮೋರೆ! ಆನ್‌ಲೈನಿನಲ್ಲಿ ಮಾರುವವರ ಹತ್ತಿರ ರಾಶಿ ಬಿದ್ದಿದ್ದಾನೆ, ಇನ್ನೂರು ರೂಪಾಯಿ ಕೊಟ್ಟರೆ ಸಿಗುತ್ತಾನೆ ಅಂದ. ಅಂದರೆ ಮೋರೆ ಅಪರೂಪವಾಗಿದ್ದದ್ದು ನಮ್ಮ ಓಣಿಗೆ ಮಾತ್ರ, ಯಾದಗಿರಿಯ ಆ ಒಂದು ಅಂಗಡಿಯ ಪೆಟ್ಟಿಗೆಗೆ ಮಾತ್ರ. "ಮೂರು ತೆಂಡೂಲ್ಕರ್ ಕೊಟ್ಟು ಇವನ್ನ ತಂದಾನ ಅಪ್ಪ! ಆಗ ಅವನಿಗೆ ಬರೇ ಹತ್ತೊಂಬತ್ತು ವರ್ಷ ಅತ್ತಿ!" ಅಂತ ಹುಡುಗ ತಲೆ ಚಚ್ಚಿಕೊಂಡ. ನನಗೆ ಅಣ್ಣನ ಪರವಾಗಿ ಮಾತಾಡಬೇಕು ಅನ್ನಿಸಿತು. ಹನ್ನೊಂದು ವರ್ಷದ ಹುಡುಗನಿಗೆ ಜಗತ್ತು ಅಂದರೆ ಶಹಾಪುರದ ಬುದ್ಧ ಮಲಗಿದ ಗುಡ್ಡದಿಂದ ಭೀಮರಾಯನಗುಡಿಯವರೆಗೆ. ಅಷ್ಟರೊಳಗೆ ಇದ್ದದ್ದು ಒಂದೇ ಮೋರೆ. ಅವನು ಮೋಸ ಹೋಗಿರಲಿಲ್ಲ.

ಆಮೇಲೆ ದ್ರಾವಿಡ್. ಹುಡುಗ ಬೆಂಗಳೂರಿನಲ್ಲಿ ಕಾರ್ಡು ಕೂಡಿಡುವ ಹಿರಿಯರೊಬ್ಬರಿಗೆ ಫೋಟೊ ತೋರಿಸಿದ. ಅವರು ಹೇಳಿದ್ದಿಷ್ಟು. ಕಾರ್ಡಿನ ಮೇಲೆ ಇಸವಿ ಇಲ್ಲ, ಅಚ್ಚು ಹಾಕಿದವರ ಹೆಸರಿಲ್ಲ. ಇದು ಆಟದ ಎಲೆ, ಸಂಗ್ರಹಕ್ಕೆ ಅಂತ ಬಂದ ಸರಣಿಯದಲ್ಲ. ಹಾಗಾಗಿ ಚೊಚ್ಚಲ ಕಾರ್ಡು ಅಂತ ನಿಯಮದ ಪ್ರಕಾರ ಒಪ್ಪುವುದು ಕಷ್ಟ. ಮೂಲೆ ಮಡಚಿದೆ, ಸೈಕಲ್ ಕಡ್ಡಿಯ ಗೀರಿದೆ, ಹಿಂದೆ ಯಾರೋ ಹೆಸರು ಬರೆದು ಕೆಡಿಸಿದ್ದಾರೆ. ಆದರೆ ಇದೇ ಕಾರ್ಡನ್ನು ತಾವು ಇದುವರೆಗೆ ಎಲ್ಲೂ ನೋಡಿಲ್ಲ.

"ಹಂಗಾದ್ರ ಬಾಳ ಅಪರೂಪ ಅಲ್ಲೇನು?" ಅಂದೆ.

"ಅಪರೂಪ ಖರೆ ಅತ್ತಿ. ಆದ್ರ ಯಾರೂ ಹುಡುಕದಿದ್ದ ಅಪರೂಪಕ್ಕ ರೇಟ್ ಇಲ್ಲಂತ."

ಆ ಮಾತು ನನಗೆ ಎಲ್ಲಿಗೋ ಹೋಗಿ ತಾಗಿತು. ಹುಡುಗನಿಗೆ ಗೊತ್ತಾಗಲಿಲ್ಲ. ಏಳು ಪಂಚಮಿ ಹೋಗಿದ್ದವು. ನಮ್ಮ ಕಡೆ ಪಂಚಮಿಗೆ ತವರಿನಿಂದ ಕರೆ ಬರುವುದು ಅಂದರೆ ಏನು ಅಂತ ಹೆಣ್ಣುಮಕ್ಕಳಿಗೆ ಹೇಳಬೇಕಿಲ್ಲ. ಏಳು ಸಲವೂ ನಾನು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ "ಈ ಸಲ ಮನ್ಯಾಗ ಕೆಲಸ ಅದ, ಹೋಗಂಗಿಲ್ಲ" ಅಂದಿದ್ದೆ. ಅಪರೂಪದ ಮಗಳು. ಹುಡುಕುವವರು ಯಾರು?

ಅದನ್ನೇ ಇನ್ನೊಂದು ಕಡೆಯಿಂದ ನೋಡಿದರೆ, ಡಬ್ಬಿಯನ್ನು ಅಣ್ಣ ಹುಡುಕುತ್ತಿದ್ದ. ಹೊಸ ಮನೆ ಕಟ್ಟಿದ ಮೇಲೆ ಎರಡು ಮೂರು ಸಲ ಅಟ್ಟದ ಸಾಮಾನೆಲ್ಲ ಇಳಿಸಿ ನೋಡಿದನಂತೆ. ಕೆಲಸದವರ ಮೇಲೆ ಅನುಮಾನ ಪಟ್ಟನಂತೆ. ಇದು ಹುಡುಗ ಹೇಳಿದ ಮೇಲೇ ನನಗೆ ಗೊತ್ತಾದದ್ದು. ಮನೆ ಕೆಡವಲು ಬಂದ ಯಾರೋ ಬಡವನ ಮೇಲೆ ನನ್ನ ಕಳ್ಳತನ ಬಿದ್ದಿತ್ತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

"ಪಂಚಮಿಗೆ ನೀವೇ ತಗೊಂಡು ಬರ್ರಿ ಅತ್ತಿ. ನಾನೂ ಬರ್ತೀನಿ" ಅಂದ ಹುಡುಗ.

"ನಿಮ್ಮಪ್ಪ ಕರೀಲಿ."

"ನಾ ಕರದ್ರ ಆಗಂಗಿಲ್ಲೇನು?"

ಹೋದೆ. ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಎಷ್ಟು ದೂರ, ಆದರೂ ಕೆಂಪು ಬಸ್ಸು ಹತ್ತುವಾಗ ಕಾಲು ನಡುಗಿತು. ಚೀಲದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಕೆಳಗೆ ಡಬ್ಬಿ. ವೈನಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಅವಳು ಯಾವತ್ತೂ ನನಗೆ ಕೆಟ್ಟದ್ದು ಮಾಡಿದವಳಲ್ಲ. ಅಣ್ಣ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದವನು ನನ್ನನ್ನು ನೋಡಿ "ಯಾವಾಗ ಬಂದಿ?" ಅಂದ. "ಈಗ" ಅಂದೆ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಊಟ ಮುಗಿಯುವವರೆಗೆ ಮಳೆ, ಹತ್ತಿ, ತೊಗರಿ, ಇಷ್ಟೇ ಮಾತು.

ಕೈ ತೊಳೆದು ಬಂದ ಮೇಲೆ ಡಬ್ಬಿಯನ್ನು ಅವನ ಮುಂದಿಟ್ಟೆ. ನಾನು ತಂದದ್ದು, ಕೇಳದೇ ತಂದದ್ದು, ಕೆಲಸದವರು ಯಾರೂ ತೆಗೆದಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮುಚ್ಚಳ ತೆಗೆದ. ಅವನು ಹುಡುಕಿದ್ದು ದ್ರಾವಿಡನ್ನಲ್ಲ, ಮೋರೆಯನ್ನು. ಸಿಕ್ಕ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಹದಿನಾಲ್ಕು ಕೊಟ್ಟೀನಿ ಇದಕ್ಕ."

ಮಗ ಬಾಯಿ ತೆರೆದ. ಇನ್ನೂರು ರೂಪಾಯಿಯ ಮಾತು ಬರುತ್ತದೆ ಅಂತ ಗೊತ್ತಾಗಿ ನಾನು ಕಣ್ಣು ಸನ್ನೆ ಮಾಡಿದೆ. ಹುಡುಗ ಜಾಣ, ಸುಮ್ಮನಾದ.

ಆಮೇಲೆ ಟ್ರಂಪ್ ಕಾರ್ಡು. ದ್ರಾವಿಡ್ ಬಂದ. ಅಣ್ಣ ತಿರುಗಿಸಿ ಹಿಂದೆ ನೋಡಿದ.

"ಇದು ನಂದು. ನೀ ಕದ್ದು ಹೆಸರು ಬರದಿ."

"ನೀನೇ ಕೊಟ್ಟಿದ್ದಿ. ಸೋಲು ಎಲಿ ಅಂತ."

"ನಾ ಯಾಕ ಕೊಡ್ಲಿ? ಸೈಕಲ್ಲಿಗೆ ಹಾಕಿದ್ದೆ, ನೀ ಕಿತ್ಕೊಂಡು ಹೋದಿ. ಟೈರ್ ಪಂಚರ್ ಆಗಿತ್ತು ಆವತ್ತು, ನನಗ ನೆನಪದ."

"ಪಂಚರಿಗೂ ಕಾರ್ಡಿಗೂ ಏನು ಸಂಬಂಧ ಅಣ್ಣಾ?"

ವೈನಿ ಒಳಗಿನಿಂದ ನಗುತ್ತಾ ಬಂದಳು. ನಮಗಿಬ್ಬರಿಗೂ ನಗು ಬರಲಿಲ್ಲ, ನಿಜವಾದ ಜಗಳವೇ ಶುರುವಾಗಿತ್ತು. ಅವನು ಹೇಳಿದ್ದೇ ಸರಿಯಿರಬಹುದು. ನನಗೆ ಅವನು ಕೊಟ್ಟದ್ದು ನೆನಪಿದೆ, ಅವನಿಗೆ ನಾನು ಕಿತ್ತುಕೊಂಡದ್ದು ನೆನಪಿದೆ, ನೋಡಿದವರು ಯಾರೂ ಉಳಿದಿಲ್ಲ. ಕೊನೆಗೆ ಅಣ್ಣ ನನ್ನ ಹೆಸರಿನ ಮೇಲೆ ಬೆರಳಾಡಿಸಿದ.

"ಆಯ್ತು ತಗೋ. ಕಾಗದದ ಮ್ಯಾಗ ಏನು ಬರದದ ಅದೇ."

ಹೇಳಿದ ಮೇಲೆ ಆ ಮಾತು ಎಲ್ಲಿಯದು ಅಂತ ಅವನಿಗೂ ಹೊಳೆದಿರಬೇಕು. ತಲೆ ತಗ್ಗಿಸಿ ಉಳಿದ ಕಾರ್ಡುಗಳ ಅಂಟು ಬಿಡಿಸುತ್ತಾ ಕೂತ. 2017ರಲ್ಲಿ ಆ ಸಹಿಯ ದಿನವೂ ಅವನು ಅದನ್ನೇ ಅಂದಿದ್ದ. ಮನೆಯ ಮಾತನ್ನು ಆವತ್ತು ಯಾರೂ ತೆಗೆಯಲಿಲ್ಲ. ಇವತ್ತಿಗೂ ತೆಗೆದಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗನೇ, "ಒಂಬತ್ತದಾವ. ಆಡ್ರಿ ಇಬ್ರೂ, ನಾ ನೋಡ್ತೀನಿ" ಅಂದ. ಅಣ್ಣನಿಗೆ ಐದು, ನನಗೆ ನಾಲ್ಕು. ದ್ರಾವಿಡ್ ನನ್ನ ಕೈಯಲ್ಲೇ ಇದ್ದ. ಮುಂದೆ ಅವನು ಆಡಿದ್ದು 164 ಟೆಸ್ಟು, ಹೊಡೆದದ್ದು 13,288 ರನ್, 36 ಶತಕ. ಇದೆಲ್ಲ ನನಗೆ ಬಾಯಿಪಾಠ. ಇದರ ಮುಂದೆ ಬಾರ್ಡರ್ ಇಲ್ಲ, ಗಾವಸ್ಕರ್ ಇಲ್ಲ. ಅಣ್ಣ ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದ.

"ಟೆಸ್ಟ್" ಅಂದ.

ನಾನು ಕಾರ್ಡು ನೋಡಿದೆ.

"ಎರಡು."

"ನಂದು ನೂರಾ ಮೂವತ್ತೊಂದು" ಅಂತ ಕಪಿಲ್‌ನನ್ನು ತೋರಿಸಿ, ಕೈ ಚಾಚಿ ದ್ರಾವಿಡನ್ನು ಎಳೆದುಕೊಂಡ. ಎಳೆದುಕೊಂಡವನು ವಾಪಸ್ ಕೊಡಲಿಲ್ಲ. ಆಟ ಮುಗಿದ ಮೇಲೆ ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ನನ್ನ ಹೆಸರಿರುವ ಕಾರ್ಡು ಈಗ ಶಹಾಪುರದಲ್ಲಿದೆ. ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಸ್ಕೂಟರ್ ತೆಗೆದಾಗ, "ಮುಂದಿನ ಪಂಚಮಿಗೆ ಬಂದು ಗೆದ್ಕೊಂಡು ಹೋಗು" ಅಂದ.